ಬಳ್ಳಾರಿಯ ದೂಳಿಗೆ ಒಗ್ಗುವ ಯೆಜ್ಡಿ

ಫೆಬ್ರುವರಿ: ಕಾಗದಪತ್ರ ಮತ್ತು ಒಂದು ಕಟ್ಟುಪಾಡು

ಚಿಕ್ಕಪ್ಪನವರ ಯೆಜ್ಡಿ 250 ಈಗ ನಮ್ಮ ಮನೆಯ ಶೆಡ್ಡಿನಲ್ಲಿದೆ. 1970ರ ದಶಕದ ಕೊನೆಯ ಗಾಡಿ. ಬಳ್ಳಾರಿಯ ಈಗಿನ ನೋಂದಣಿ ಸಂಕೇತ ಕೆಎ-34 ಬರುವುದಕ್ಕೆ ಮೊದಲಿನ, ಮೂರು ಅಕ್ಷರಗಳ ಹಳೆಯ ನೋಂದಣಿ ಸಂಖ್ಯೆ. ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ ಎರಡೂ ಆರ್‌ಸಿ ಪುಸ್ತಕದೊಂದಿಗೆ ತಾಳೆಯಾದವು. ಹಳೆಯ ಬೈಕಿಗೆ ಕೈಹಾಕುವವರು ಪಾನಾ ಹಿಡಿಯುವ ಮೊದಲು ನೋಡಬೇಕಾದದ್ದು ಇದನ್ನೇ. ಕಾಗದಪತ್ರ ಸರಿಯಿಲ್ಲದ ಗಾಡಿಗೆ ಎಷ್ಟು ದುಡ್ಡು ಸುರಿದರೂ ಅದನ್ನು ನೆಮ್ಮದಿಯಿಂದ ರಸ್ತೆಗೆ ಇಳಿಸಲಾಗದು.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1973ರಿಂದ ಯೆಜ್ಡಿ ಹೆಸರಿನಲ್ಲಿ ಬೈಕುಗಳನ್ನು ಹೊರತಂದು 1996ರಲ್ಲಿ ಬಾಗಿಲು ಮುಚ್ಚಿತು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಗೇರ್ ಲಿವರನ್ನೇ ಒಳಗೆ ಒತ್ತಿ ಮೇಲೆ ತಿರುಗಿಸಿದರೆ ಅದೇ ಕಿಕ್ಕರ್. 2022ರಲ್ಲಿ ಯೆಜ್ಡಿ ಹೆಸರು ಮರಳಿ ಬಂದಿದೆ ನಿಜ. ಆದರೆ ನಮ್ಮದು ಟೂ-ಸ್ಟ್ರೋಕ್, ಅದು ನಾಲ್ಕು ಸ್ಟ್ರೋಕಿನ, ನೀರಿನಿಂದ ತಂಪಾಗುವ ಬೇರೆಯೇ ಎಂಜಿನ್. ಅದರ ಬಿಡಿಭಾಗ ಇದಕ್ಕೆ ಕೂರುವುದಿಲ್ಲ.

ಆದ್ದರಿಂದ ನಾನು ಹಾಕಿಕೊಂಡ ಕಟ್ಟುಪಾಡು ಇಷ್ಟು: ಚಾಸಿಗೆ ಗರಗಸ ತಾಗಬಾರದು, ಬೆಸುಗೆಯೂ ಬೀಳಬಾರದು. ನಾನು ಸೇರಿಸುವ ಪ್ರತಿಯೊಂದು ವಸ್ತುವೂ ಕಾರ್ಖಾನೆ ಕೊರೆದ ತೂತುಗಳಲ್ಲೇ ಕೂತು, ಬೇಡವೆಂದಾಗ ಬೋಲ್ಟ್ ಬಿಚ್ಚಿದರೆ ಹೊರಬರಬೇಕು. ರೇಸ್ ಬೈಕಿನಂತೆ ಮೊಟಕಾದ ಕೆಫೆ ರೇಸರ್ ಮಾಡುತ್ತೇವೆಂದು ಹಿಂಭಾಗವನ್ನೇ ಕೊಯ್ದು ಹಾಕಿದ ಗಾಡಿಗಳನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ಕಾನೂನೂ ಇದೇ ಕಡೆಗಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. 2021ರಲ್ಲಿ ಬಂದ ವಿಂಟೇಜ್ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿ ಮೂಲ ರೂಪದಲ್ಲಿದ್ದರೆ ಮಾತ್ರ ಆ ಮನ್ನಣೆ. ಈ ಯೆಜ್ಡಿಗೆ ಆ ವಯಸ್ಸು ಹತ್ತಿರವಾಗುತ್ತಿದೆ.

ಮಾರ್ಚ್: ಎಂಜಿನ್ ಬಿಚ್ಚಿದಾಗ ಸಿಕ್ಕದ್ದು

ಎಂಜಿನ್ನಿನ ಕೆಳಭಾಗದ ಪೆಟ್ಟಿಗೆಯಾದ ಕ್ರ್ಯಾಂಕ್‌ಕೇಸ್ ಎರಡು ಹೋಳಾದಾಗ ತಳದಲ್ಲಿ ಕೆಂಪು ಕೆಸರು. ಬೆರಳಲ್ಲಿ ಉಜ್ಜಿದರೆ ನುಣ್ಣಗಿನ ಹರಳು ಹರಳು. ಚಿಕ್ಕಪ್ಪ ವರ್ಷಗಟ್ಟಲೆ ತೋರಣಗಲ್ಲು, ಸಂಡೂರು ದಾರಿಯಲ್ಲಿ ಅದಿರಿನ ಲಾರಿಗಳ ಹಿಂದೆ ಓಡಾಡಿದವರು. ಆ ರಸ್ತೆಯ ದೂಳೆಲ್ಲ ಎಣ್ಣೆಯಲ್ಲಿ ಕಲಸಿಕೊಂಡು ಇಲ್ಲಿ ಕೂತಿತ್ತು.

ಟೂ-ಸ್ಟ್ರೋಕ್ ಎಂಜಿನ್ನಿಗೆ ದೂಳು ಯಾಕೆ ಅಷ್ಟು ಕೇಡು ಎಂಬುದು ಇದರಿಂದ ಕಣ್ಣಿಗೆ ಕಟ್ಟಿತು. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಗಾಳಿ ನೇರವಾಗಿ ಸಿಲಿಂಡರಿನ ತಲೆಗೆ ಹೋಗುತ್ತದೆ. ಇಲ್ಲಿ ಗಾಳಿ, ಪೆಟ್ರೋಲ್, ಎಣ್ಣೆ ಮೂರೂ ಮೊದಲು ಕ್ರ್ಯಾಂಕ್‌ಕೇಸಿನೊಳಗೆ ಇಳಿದು, ಅಲ್ಲಿಂದ ಮೇಲಕ್ಕೆ ಏರಬೇಕು. ಫಿಲ್ಟರ್ ಬಿಟ್ಟುಕೊಟ್ಟ ಪ್ರತಿ ಕಣವೂ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಬೇರಿಂಗನ್ನು ಅರೆದುಕೊಂಡೇ ಮುಂದೆ ಹೋಗುತ್ತದೆ. ರಾಡನ್ನು ಹಿಡಿದು ಮೇಲೆ ಕೆಳಗೆ ಆಡಿಸಿದರೆ ಟಕಟಕ ಎನ್ನುತ್ತಿತ್ತು. ರಾಡ್, ಪಿನ್, ರೋಲರುಗಳು ಎಲ್ಲವನ್ನೂ ಬದಲಿಸಿದ್ದಾಯಿತು.

ಸಿಲಿಂಡರನ್ನು ಕೌಲ್ ಬಜಾರಿನ ಲೇತ್ ಅಂಗಡಿಗೆ ಕೊಟ್ಟೆ. ಮೂಲ ಅಳತೆ 65 ಮಿ.ಮೀ.; ಹಿಂದೆಯೇ ಬೋರಿಂಗ್ ಆಗಿ, ಅಂದರೆ ಒಳಗೋಡೆ ಕೊರೆದು ಅಗಲವಾಗಿ, ಓವರ್‌ಸೈಜ್ ಪಿಸ್ಟನ್ ಬಿದ್ದಿತ್ತು, ಈಗ ಅದರ ಮುಂದಿನ ಅಳತೆಗೆ ಹೋಗಬೇಕಾಯಿತು. ಅಂಗಡಿಯ ಚಾಚಾ ಬೋರಿಂಗ್ ಮುಗಿಸಿ ಒಳಗೋಡೆಯನ್ನು ಹದಗೊಳಿಸುವ ಹೋನಿಂಗ್ ಕಲ್ಲು ಆಡಿಸಿದ ಮೇಲೆ, ಗೋಡೆಯಲ್ಲಿ ಗಾಳಿ, ಹೊಗೆ ಹಾದುಹೋಗುವ ಕಿಂಡಿಗಳಾದ ಪೋರ್ಟುಗಳ ಅಂಚನ್ನು ನನ್ನ ಬೆರಳಿಗೆ ಮುಟ್ಟಿಸಿದರು. ಬ್ಲೇಡಿನಷ್ಟು ಹರಿತ.

‘ಬೋರಿಂಗ್ ಅರ್ಧ ಕೆಲಸ ಮಾತ್ರ ಬೇಟಾ. ಈ ಅಂಚು ಮುರಿಯದೆ ಕೊಟ್ಟರೆ ಪಿಸ್ಟನ್ನಿನ ರಿಂಗ್ ಇಲ್ಲಿಗೆ ಸಿಕ್ಕಿಕೊಂಡು ತುಂಡಾಗುತ್ತದೆ’ ಎಂದರು.

‘ಚಾಚಾ, ಅದನ್ನು ನಾನೇ ಮಾಡಲೇ?’ ಎಂದು ಕೇಳಿದೆ. ಸಣ್ಣ ಅರ್ಧಗುಂಡು ಅರ ಕೈಗಿಟ್ಟು ಪಕ್ಕದಲ್ಲಿ ಕೂತರು. ಒಂದೊಂದು ಪೋರ್ಟಿನ ಅಂಚನ್ನೂ ಅರದಿಂದ ಹಗುರವಾಗಿ ತಿದ್ದಿ, ಎಣ್ಣೆ ಹಚ್ಚಿದ ಎಮರಿ ಕಾಗದದಿಂದ ನಯ ಮಾಡಿದೆ. ಆಮೇಲೆ ಅವರು ರಿಂಗ್ ಇಲ್ಲದ ಪಿಸ್ಟನ್ನನ್ನು ಒಣ ಸಿಲಿಂಡರಿನೊಳಗೆ ಬಿಟ್ಟರು. ಅದು ದಬಕ್ಕನೆ ಬೀಳಲಿಲ್ಲ, ನಡುವೆ ನಿಲ್ಲಲೂ ಇಲ್ಲ. ತನ್ನ ಭಾರಕ್ಕೆ ತಾನೇ ನಿಧಾನವಾಗಿ ಇಳಿಯಿತು. ಮೈಕ್ರೋಮೀಟರ್ ಹೇಳಿದ್ದನ್ನು ಅವರು ನಂಬಿದ್ದು ಅದನ್ನು ನೋಡಿದ ಮೇಲೆಯೇ.

ಬೇರಿಂಗ್ ಕೂರಿಸುವ ಕೆಲಸ ಮನೆಯಲ್ಲೇ ಆಯಿತು. ಬೇರಿಂಗುಗಳನ್ನು ರಾತ್ರಿ ಫ್ರೀಜರಿನಲ್ಲಿಟ್ಟು, ಬೆಳಿಗ್ಗೆ ಕೇಸನ್ನು ಒಲೆಯ ಮೇಲೆ ದಪ್ಪ ತಗಡಿನ ಮೇಲಿಟ್ಟು ಬಿಸಿ ಮಾಡಿದೆ. ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ನೀರಿನ ಹನಿ ಬಿದ್ದೊಡನೆ ಚುರ್ರೆಂದು ಆರುವಷ್ಟು ಬಿಸಿಯಾದರೆ ಬೇರಿಂಗ್ ಸುತ್ತಿಗೆಯ ಏಟಿಲ್ಲದೆ ತನ್ನ ಜಾಗಕ್ಕೆ ಇಳಿಯುತ್ತದೆ. ಆಯಿಲ್ ಸೀಲುಗಳು ಎಲ್ಲವೂ ಹೊಸವು. ಕ್ಲಚ್ ಕಡೆಯ ಸೀಲ್ ಹೋದರೆ ಎಂಜಿನ್ ಗೇರ್ ಆಯಿಲನ್ನು ಹೀರಿ ಸುಡುತ್ತದೆ. ಹಳೆಯ ಯೆಜ್ಡಿ ಬೀದಿ ತುಂಬ ಬಿಳಿ ಹೊಗೆ ಬಿಟ್ಟರೆ ಮೊದಲು ಅನುಮಾನಿಸಬೇಕಾದದ್ದು ಅದನ್ನೇ.

ಏಪ್ರಿಲ್, ಮೇ: ಟ್ಯಾಂಕ್, ಬಣ್ಣ

ಟ್ಯಾಂಕಿನ ಒಳಗಿನ ತುಕ್ಕನ್ನು ಬ್ಯಾಟರಿ ಚಾರ್ಜರಿನಿಂದ ಬಿಡಿಸಿದೆ. ನೀರಿಗೆ ವಾಷಿಂಗ್ ಸೋಡಾ ಕಲಸಿ ತುಂಬಿ, ಕಟ್ಟಡದ ಕಬ್ಬಿಣದ ಸರಳೊಂದನ್ನು ಟ್ಯಾಂಕಿಗೆ ತಾಗದಂತೆ ರಬ್ಬರ್ ಬುಚ್ಚಿನ ಮೂಲಕ ಇಳಿಬಿಡಬೇಕು. ಸರಳಿಗೆ ಪಾಸಿಟಿವ್, ಟ್ಯಾಂಕಿಗೆ ನೆಗೆಟಿವ್. ಸರಳು ಸ್ಟೇನ್‌ಲೆಸ್ ಸ್ಟೀಲಿನದಾಗಬಾರದು, ನೀರಿನಲ್ಲಿ ವಿಷಕಾರಿ ಕ್ರೋಮಿಯಂ ಸೇರುತ್ತದೆ. ಹೈಡ್ರೋಜನ್ ಹೊರಬರುವುದರಿಂದ ಕೆಲಸ ಬಯಲಿನಲ್ಲೇ ನಡೆಯಬೇಕು; ಹಳೆಯ ಪೆಟ್ರೋಲಿನ ವಾಸನೆ ಪೂರ್ತಿ ಹೋಗುವವರೆಗೆ ಮೊದಲೇ ತೊಳೆದಿರಬೇಕು.

ಬಣ್ಣ ಮರೂನ್ ಆಗಿಯೇ ಉಳಿಯಿತು. ಆರ್‌ಸಿಯಲ್ಲಿರುವುದು ಅದು, ನನಗೂ ಅದೇ ಇಷ್ಟ. ನಮ್ಮ ಬೇಸಿಗೆಯಲ್ಲಿ ಹಗಲು ಗನ್ ಹಿಡಿದರೆ ಬಣ್ಣ ತಗಡನ್ನು ಮುಟ್ಟುವ ಮೊದಲೇ ಗಾಳಿಯಲ್ಲಿ ಆರಿ ಮೇಲ್ಮೈ ಮರಳು ಮರಳಾಗುತ್ತದೆ. ಹಾಗಾಗಿ ನಿಧಾನವಾಗಿ ಆರುವ ಥಿನ್ನರ್ ತಂದು, ಸೂರ್ಯ ಹುಟ್ಟುವ ಹೊತ್ತಿಗೆ, ನೆಲಕ್ಕೆ ನೀರು ಚಿಮುಕಿಸಿ ದೂಳು ಅಡಗಿಸಿ ಹೊಡೆದೆ.

ಜೂನ್: ನನ್ನದೆಂದು ಸೇರಿಸಿದ್ದು

ಸೀಟು ಬಳ್ಳಾರಿಯದೇ ಆಗಬೇಕೆಂಬುದು ಮೊದಲಿನಿಂದಲೂ ಇದ್ದ ಆಸೆ. ಜೀನ್ಸ್ ಹೊಲಿಯುವ ಊರಿನಲ್ಲಿದ್ದುಕೊಂಡು ರೆಕ್ಸಿನ್ ಕವರ್ ಹಾಕಿಸಲು ಮನಸ್ಸು ಒಪ್ಪಲಿಲ್ಲ. ಪರಿಚಯದ ಹೊಲಿಗೆ ಘಟಕದಲ್ಲಿ ದಪ್ಪ ಡೆನಿಮ್ ಆರಿಸಿದೆವು. ಮೊದಲೇ ವಾಷಿಂಗ್ ಮಾಡಿಸಿದ ಬಟ್ಟೆಯೇ ಬೇಕು, ಇಲ್ಲದಿದ್ದರೆ ಕೂತವರ ಪಂಚೆಗೆಲ್ಲ ನೀಲಿ ಹತ್ತುತ್ತದೆ. ಸೊಂಟಪಟ್ಟಿ ಹೊಲಿಯುವ ಮಷೀನಿನಲ್ಲೇ ಅಂಚಿಗೆ ಕಿತ್ತಳೆ ನೂಲಿನ ಜೋಡಿ ಹೊಲಿಗೆ ಬಿತ್ತು. ನಾಲ್ಕು ಪದರ ಸೇರುವ ಮೂಲೆಯಲ್ಲಿ ಅಲ್ಲಿನ ಅಕ್ಕ ಮಷೀನ್ ನಿಲ್ಲಿಸಿ, ಚಕ್ರವನ್ನು ಕೈಯಿಂದಲೇ ತಿರುಗಿಸಿ ಒಂದೊಂದೇ ಹೊಲಿಗೆ ಹಾಕಿದರು. ಮಳೆನೀರು ಸ್ಪಂಜಿಗೆ ಇಳಿಯದಂತೆ ಕೆಳಗೆ ತೆಳು ರೆಕ್ಸಿನ್ ಪದರವಿದೆ. ತಗಡಿನ ತಳ ಹಳೆಯದೇ, ಕ್ಲಿಪ್ಪುಗಳೂ ಹಳೆಯವೇ.

ಎರಡನೆಯದು ಏರ್ ಫಿಲ್ಟರ್. ಕೆಂಪು ಕೆಸರು ಕಂಡ ಮೇಲೆ ಇದನ್ನು ಬಿಡುವ ಮಾತೇ ಇರಲಿಲ್ಲ. ಮೂಲ ಫಿಲ್ಟರಿನ ಮುಂದೆ ಎಣ್ಣೆ ಸವರಿದ ಫೋಮಿನ ಹೊರಪದರವೊಂದನ್ನು ಡಬ್ಬಿಯೊಳಗೇ ಕೂರಿಸಿದ್ದೇನೆ. ದೊಡ್ಡ ಕಣಗಳು ಅದಕ್ಕೇ ಅಂಟಿ ನಿಲ್ಲುತ್ತವೆ. ವಾರಕ್ಕೊಮ್ಮೆ ಸೋಪಿನಲ್ಲಿ ತೊಳೆದು ಮತ್ತೆ ಎಣ್ಣೆ ಹಾಕಿದರಾಯಿತು. ಗಾಳಿ ಸ್ವಲ್ಪ ಕಡಿಮೆಯಾಗಿದ್ದರಿಂದ ಪ್ಲಗ್ ಕಪ್ಪಾಗತೊಡಗಿತು. ಕಾರ್ಬುರೇಟರ್ ಸೂಜಿಯ ಕ್ಲಿಪ್ಪನ್ನು ಒಂದು ಗೀರು ಮೇಲೆ ಹಾಕಿದಾಗ ಸೂಜಿ ಅಷ್ಟೇ ಕೆಳಗಿಳಿದು ಪೆಟ್ರೋಲ್ ಹತೋಟಿಗೆ ಬಂತು. ಈಗ ಪ್ಲಗ್ಗಿನ ಮೂತಿ ಕಾಫಿಪುಡಿಯ ಬಣ್ಣಕ್ಕಿದೆ. ಈ ಬೈಕಿಗೆ ನಾನು ಮಾಡಿದ ಬದಲಾವಣೆಗಳಲ್ಲಿ ಹೊರಗೆ ಕಾಣದ ಇದೇ ಎಲ್ಲಕ್ಕಿಂತ ಮುಖ್ಯವಾದದ್ದು.

ಈಗಿನ ಸ್ಥಿತಿ

ಪ್ಲಗ್ಗಿನ ಕಿಡಿ ಯಾವಾಗ ಹಾರಬೇಕೆಂದು ನಿರ್ಧರಿಸುವ ಪಾಯಿಂಟುಗಳ ಅಂತರ 0.4 ಮಿ.ಮೀ.ಗೆ ಇಟ್ಟು, ಪಾಯಿಂಟುಗಳ ನಡುವೆ ಸಿಗರೇಟಿನ ತೆಳು ಕಾಗದ ಸಿಕ್ಕಿಸಿ, ಅದು ಸಡಿಲವಾಗುವ ಗಳಿಗೆ ಹಿಡಿದು ಟೈಮಿಂಗ್ ಹೊಂದಿಸಿದೆ. ಎಂಜಿನ್ ಹತ್ತಿತು. ಚಿಕ್ಕಪ್ಪ ಓಣಿಯ ತುದಿಯವರೆಗೆ ಹೋಗಿಬಂದು, ‘ಕ್ಲಚ್ ಮೊದಲಿಗಿಂತ ಹಗುರ ಇದೆ’ ಎಂದರು.

ಈಗ ಹದ ಮಾಡಿಕೊಳ್ಳುವ ಓಟ. ಲೀಟರ್ ಪೆಟ್ರೋಲಿಗೆ 50 ಮಿ.ಲೀ. 2ಟಿ (ಟೂ-ಸ್ಟ್ರೋಕ್) ಆಯಿಲ್, ಬೆಳಗಿನ ತಂಪಿನಲ್ಲಿ ಕುಡಿತಿನಿಯವರೆಗೆ ಹೋಗಿ, ಎಂಜಿನ್ ಆರಿದ ಮೇಲೆ ವಾಪಸ್. ಮುಂದೆ ಸಂಡೂರಿನ ಘಟ್ಟ ಹತ್ತಿಸುವ ಯೋಚನೆಯಿದೆ. ಹತ್ತುವಾಗಿನದಕ್ಕಿಂತ ಇಳಿಯುವಾಗಿನ ಎಚ್ಚರವೇ ಹೆಚ್ಚು ಬೇಕು: ಇದರಲ್ಲಿ ಎಣ್ಣೆ ಬರುವುದೇ ಪೆಟ್ರೋಲಿನೊಂದಿಗೆ, ಆಕ್ಸಿಲರೇಟರ್ ಮುಚ್ಚಿಕೊಂಡು ಗೇರಿನಲ್ಲೇ ಇಳಿದರೆ ಪಿಸ್ಟನ್ನಿಗೆ ಎಣ್ಣೆ ಸಾಲದು. ನಡುನಡುವೆ ಕ್ಲಚ್ ಹಿಡಿದು ಆಕ್ಸಿಲರೇಟರನ್ನು ಸ್ವಲ್ಪ ತಿರುವಿ ಕೊಡುತ್ತಿರಬೇಕು. ಅದಕ್ಕೂ ಮೊದಲು ಹಿಂದಿನ ಬ್ರೇಕಿನ ಶೂ ಬದಲಿಸಬೇಕು, ಎಡ ಸೈಲೆನ್ಸರಿನೊಳಗಿನ ಮಸಿ ಸುಡಿಸಬೇಕು, ಆರ್‌ಸಿ ನವೀಕರಣಕ್ಕೆ ಗಾಡಿಯನ್ನು ತಪಾಸಣೆಗೆ ಒಯ್ಯಬೇಕು.