ಎರಡನೆಯ ‘ವ’ ಕೊನೆಗೂ ನಿಂತಿತು

ಬಳಪದ ಕಲ್ಲಿನ ಹಲಗೆಯಲ್ಲಿ ನಾನು ಕೆತ್ತುತ್ತಿರುವ ‘ಸವತಿಗಂಧವಾರಣ’ ಎಂಬ ಎಂಟು ಅಕ್ಷರಗಳಲ್ಲಿ ಆರನೆಯದು ಇಂದು ಬೆಳಿಗ್ಗೆ ಮುಕ್ಕಾಗದೆ ಕಲ್ಲಿನ ಮೇಲೆ ಮೂಡಿತು. ಇದು ನಾಲ್ಕನೆಯ ಹಲಗೆ. ಹಿಂದಿನ ಮೂರನ್ನೂ ‘ವ’ ಕಾರವೇ ನುಂಗಿತ್ತು.

ಮೈ ಮಟ್ಟ ಮಾಡಿದ್ದು, ಉಪ್ಪು ಕಾಗದ ಹಿಡಿದದ್ದು, ಗೆರೆ ಹಾಕಿದ್ದು ಎಲ್ಲ ಎಂದಿನಂತೆಯೇ. ತೊಂದರೆ ಇದ್ದದ್ದು ‘ವ’ದ ಹೊಟ್ಟೆಯಲ್ಲಿ. ಸುತ್ತ ಗೀರು ತೆಗೆದ ಮೇಲೆ ನಡುವೆ ಕಡಲೆಬೇಳೆಯಷ್ಟು ಕಲ್ಲು ಉಳಿಯಬೇಕು. ಚಾಣ (ಕಲ್ಲು ಕೆತ್ತುವ ಉಳಿ) ಮುಕ್ಕಾಲು ಸುತ್ತು ಬರುವವರೆಗೂ ಗಟ್ಟಿಯಾಗಿ ಕೂತಿರುವ ಆ ಬೇಳೆ, ಕೊನೆಯ ಪೆಟ್ಟಿಗೆ ಟಕ್ಕೆಂದು ಎದ್ದು ಬರುತ್ತಿತ್ತು. ಮೂರನೆಯ ಸಲ ಸಿಟ್ಟಿನಲ್ಲೇ ಆ ಚೂರನ್ನು ಎತ್ತಿ ಬೆಳಕಿಗೆ ಹಿಡಿದೆ. ಅದರ ತಳ ಸಾಬೂನಿನಂತೆ ನುಣ್ಣಗೆ ಹೊಳೆಯುತ್ತಿತ್ತು. ಮುರಿದ ಕಲ್ಲು ಹಾಗಿರುವುದಿಲ್ಲ. ಅದು ಪದರದಿಂದ ಬಿಟ್ಟುಬಂದ ಚಕ್ಕೆ.

ಪದರಕ್ಕೆ ಅಡ್ಡವಾಗಿ ಕೊಯ್ದ ಬಳಪದ ಕಲ್ಲು ಬೇಕೆಂದು ಕಲ್ಲು ಕೊಟ್ಟವರಿಗೆ ಎರಡು ಸಲ ಫೋನಿನಲ್ಲಿ ಹೇಳಿದ್ದೆ. ‘ಹೇಗೆ ಕೊಯ್ದರೂ ಕಲ್ಲು ಒಂದೇ’ ಎಂದು ಪದರದ ಉದ್ದಕ್ಕೆ ಕೊಯ್ದದ್ದನ್ನೇ ಕಳುಹಿಸಿದರು. ಒಂದೇ ಅಲ್ಲ! ದುಡ್ಡಿಗಿಂತ ಹೆಚ್ಚಾಗಿ ಹೋದ ವಾರಗಳು ನೋಯಿಸುತ್ತವೆ.

ನಾಲ್ಕನೆಯದನ್ನು ನಾನೇ ಅಡ್ಡ ಕೊಯ್ದೆ. ಬೇಳೆಯ ಗೋಡೆಯನ್ನು ನೆಟ್ಟಗೆ ಇಳಿಸದೆ, ಬುಡ ಅಗಲವಾಗುವಂತೆ ಓರೆಯಾಗಿ ಇಳಿಸಿದೆ. ಪ್ರತಿ ಪೆಟ್ಟೂ ಬೇಳೆಯಿಂದ ಹೊರಕ್ಕೆ. ಒಂದೇ ಏಟಿಗೆ ಆಳಕ್ಕೆ ಹೋಗದೆ ಮೂರು ಸುತ್ತು. ಬದಿಯಿಂದ ಟಾರ್ಚ್ ಹಿಡಿದರೆ ಗೀರಿನ ನೆರಳು ಎಲ್ಲೂ ಕಡಿಯುವುದಿಲ್ಲ.

ಇದೇ ಪದ ಏಕೆ ಎಂದು ಕೇಳಿದವರಿದ್ದಾರೆ. ಹೊಯ್ಸಳ ದೊರೆ ವಿಷ್ಣುವರ್ಧನನ ಪಟ್ಟಮಹಿಷಿ ಶಾಂತಲೆ 1123ರಲ್ಲಿ ಶ್ರವಣಬೆಳಗೊಳದ ಚಂದ್ರಗಿರಿಯ ಮೇಲೆ ಕಟ್ಟಿಸಿದ ಬಸದಿಯ ಹೆಸರು ಅದು. ಸವತಿಯರ ಪಾಲಿಗೆ ಮದದಾನೆ ಎಂಬುದು ಆಕೆಯ ಬಿರುದು. ಗಂಡ ಬೇಲೂರಿನ ವಿಜಯನಾರಾಯಣನನ್ನು ಪ್ರತಿಷ್ಠಾಪಿಸಿದ 1117ರಲ್ಲಿಯೇ ಪಕ್ಕದಲ್ಲಿ ಚನ್ನಿಗರಾಯನ ಗುಡಿ ಕಟ್ಟಿಸಿದವಳೂ ಈಕೆ. ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನೆ. ಹಲವು ರಾಣಿಯರಿದ್ದ ಅರಮನೆಯಲ್ಲಿ ತನ್ನ ಸ್ಥಾನ ಯಾವುದೆಂದು ಮುಚ್ಚುಮರೆಯಿಲ್ಲದೆ ಹೇಳುವ ಬಿರುದನ್ನು ಶಾಂತಿನಾಥನ ಬಸದಿಗೇ ಇಡಿಸಿದಳಲ್ಲ, ಆ ಎದೆಗಾರಿಕೆ ನನಗೆ ಮೆಚ್ಚು. ಜನ ಆಕೆಯನ್ನು ನರ್ತಕಿಯಾಗಿ ಮಾತ್ರ ನೆನೆಯುವುದು ಸಾಲದು. 1131ರಲ್ಲಿ ಶಿವಗಂಗೆಯಲ್ಲಿ ಆಕೆ ತೀರಿಕೊಂಡ ಮೇಲೆ ಮಾಚಿಕಬ್ಬೆ ಬೆಳಗೊಳದಲ್ಲಿ ಸಲ್ಲೇಖನ, ಅಂದರೆ ಉಪವಾಸದಿಂದ ದೇಹ ಬಿಡುವ ಜೈನ ವ್ರತ, ಕೈಗೊಂಡಳು. ಆ ತಾಯಿಯನ್ನು ನೆನೆದಾಗಲೆಲ್ಲ ಕೈಯಲ್ಲಿನ ಚಾಣ ನಿಲ್ಲುತ್ತದೆ.

ಮುಂದಿನದು ಈಗಲೇ ತಲೆಗೇರಿದೆ: ಪಟ್ಟದಕಲ್ಲು. ಕಂಚಿಯನ್ನು ಮೂರು ಸಲ ಗೆದ್ದ ಚಾಲುಕ್ಯ ದೊರೆ ಎರಡನೆಯ ವಿಕ್ರಮಾದಿತ್ಯನಿಗಾಗಿ ರಾಣಿ ಲೋಕಮಹಾದೇವಿ ಕಟ್ಟಿಸಿದ ಗುಡಿ, ಇಂದಿನ ವಿರೂಪಾಕ್ಷ. ಅಲ್ಲಿನ ಒಂದು ಶಾಸನದಲ್ಲಿ ಆಕೆ ಹಾಡುಗಾರರಿಗೆ ಹಿಂದೆ ಮಾವ ವಿಜಯಾದಿತ್ಯ ಕೊಟ್ಟಿದ್ದ ಹಕ್ಕುಗಳನ್ನು ಮತ್ತೆ ಖಚಿತಪಡಿಸುತ್ತಾಳೆ. ಗೆಲುವಿನ ಸಾಲನ್ನು ಬಿಟ್ಟು ಹಾಡುಗಾರರ ಸಾಲನ್ನೇ ಕೆತ್ತುತ್ತೇನೆ. ಅದಕ್ಕೆ ಮರಳುಗಲ್ಲೇ ಆಗಬೇಕು. ಈ ಸಲ ಕಲ್ಲನ್ನು ಕಣ್ಣಾರೆ ನೋಡಿಯೇ ತರುವುದು.

ಹಲಗೆಯನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟಿದ್ದೇನೆ. ‘ರ’, ‘ಣ’ ಉಳಿದಿವೆ.