ಉಪ್ಪಲಿ ಬುರುಜಿನ ಮೇಲೆ ಮೂರು ಲೆನ್ಸು

ಸಂಕ್ರಾಂತಿಗೆ ಇನ್ನೂ ನಾಲ್ಕು ದಿನ ಇತ್ತು. ಬೆಳಿಗ್ಗೆ ಏಳಕ್ಕೆ ಹತ್ತು ನಿಮಿಷ ಇರುವಾಗ ನಾನೂ ಕಾಕಾನೂ ವಿಜಯಪುರದ ಉಪ್ಪಲಿ ಬುರುಜಿನ ಮೆಟ್ಟಿಲು ಹತ್ತುತ್ತಿದ್ದೆವು. ನನ್ನ ಹೆಗಲಚೀಲದಲ್ಲಿ ಮೂರು ಹಳೆಯ ಲೆನ್ಸು, ಒಳಗನ್ನಡಿ ಇಲ್ಲದ ಒಂದು ಸೋನಿ ಮಿರರ್‌ಲೆಸ್ ಕ್ಯಾಮೆರಾ. ಕಾಕಾನ ಕೈಯಲ್ಲಿ ಜೋಳ ತುಂಬಿ ಬಾಯಿ ಹೊಲಿದ ಬಟ್ಟೆಚೀಲ. ಟ್ರೈಪಾಡ್ ಒಯ್ಯಲಿಲ್ಲ. ಮೋಟುಗೋಡೆಯ ಮೇಲೆ ಜೋಳದ ಚೀಲ ಇಟ್ಟು ಅದರಲ್ಲಿ ಲೆನ್ಸನ್ನು ಒತ್ತಿದರೆ ತಾನೇ ಗೂಡು ಮಾಡಿಕೊಂಡು ಕೂರುತ್ತದೆ. ಮೇಲಿನ ಗಾಳಿಗೆ ಟ್ರೈಪಾಡ್ ನಡುಗಿದರೂ ಇದು ನಡುಗುವುದಿಲ್ಲ. ಸ್ಟುಡಿಯೋ ಇಟ್ಟುಕೊಂಡಿದ್ದ ಕಾಲದಿಂದಲೂ ಕಾಕಾ ಮಾಡುತ್ತ ಬಂದ ಉಪಾಯ ಇದು.

ಮೂರೂ ದೂರದ್ದನ್ನು ಹತ್ತಿರ ತೋರಿಸುವ 200 ಎಂಎಂ, ಪೂರ್ತಿ ತೆರೆದಾಗ ಬೆಳಕಿನ ಕಿಂಡಿಯ ಅಳತೆ ಮೂರಕ್ಕೂ ಎಫ್/4. ಅದಕ್ಕೇ ಹೋಲಿಸಿ ನೋಡುವ ಆಸೆ ಹುಟ್ಟಿದ್ದು. ಮೊದಲನೆಯದು ಕಾಕಾನ ಪೆಂಟಾಕ್ಸ್-ಎಂ. ಅವರ ಪೆಂಟಾಕ್ಸ್ ಕೆ1000 ಜೊತೆ ಎಷ್ಟು ಮದುವೆ, ಎಷ್ಟು ಜಾತ್ರೆ ಕಂಡಿದೆಯೋ ಲೆಕ್ಕವಿಲ್ಲ. ಕುಸ್ತಿ ಕಣದ ಹಗ್ಗದ ಹೊರಗೆ ನಿಂತು ಪೈಲ್ವಾನರ ಮುಖ ಹಿಡಿಯಲಿಕ್ಕೆಂದೇ ಅದನ್ನು ಕೊಂಡಿದ್ದರಂತೆ. ಎರಡನೆಯದು ಬೆಳಗಾವಿಯ ಸೋದರಮಾವ ಕೊಟ್ಟ ಸೂಪರ್-ಟಕುಮಾರ್, 1960ರ ದಶಕದ ಎಂ42 ಎಂಬ ಅಳತೆಯ ತಿರುಪಿನಿಂದ ಕ್ಯಾಮೆರಾಕ್ಕೆ ಕೂರುವ ಲೆನ್ಸು. ಮೂರನೆಯದು ನಾನೇ ದುಡ್ಡು ಕೊಟ್ಟು ತಂದ ನಿಕ್ಕೋರ್ ಎಐ. ಮಾರಿದವರು ‘ಒಳಗೆ ಕನ್ನಡಿ ಹಾಗಿದೆ’ ಅಂದಿದ್ದರು. ಮನೆಗೆ ಬಂದ ಮೇಲೆ ಟಾರ್ಚ್ ಬಿಟ್ಟು ನೋಡಿದರೆ ಅಪರ್ಚರಿನ, ಅಂದರೆ ಬೆಳಕಿನ ಕಿಂಡಿಯನ್ನು ಕಿರಿದು ಮಾಡುವ ಎಲೆಗಳ ಮೇಲೆ ಎಣ್ಣೆ ಜಿನುಗಿ ನಿಂತಿತ್ತು. ಬೇಜಾರಾಯಿತು. ಆದರೆ ಅದೇ ಕಾಲದ ಫಿಲ್ಮ್ ಕ್ಯಾಮೆರಾಕ್ಕೆ ಹಾಕಿದರೆ ಮಾತ್ರ ಅದು ದೊಡ್ಡ ದೋಷ. ಅಲ್ಲಿ ಬಟನ್ ಒತ್ತಿದ ಕ್ಷಣದಲ್ಲಿ ಎಲೆಗಳು ಪಟ್ಟನೆ ಮುಚ್ಚಿಕೊಳ್ಳಬೇಕು, ಎಣ್ಣೆ ಇದ್ದರೆ ತಡವಾಗಿ ಫೋಟೋ ಬೆಳ್ಳಗಾಗುತ್ತದೆ. ಮಿರರ್‌ಲೆಸ್‌ಗೆ ಅಡಾಪ್ಟರ್ ಎಂಬ ಜೋಡುಕೊಳವೆಯಲ್ಲಿ ಹಾಕಿದಾಗ ರಿಂಗ್ ತಿರುವಿದಷ್ಟೇ ಎಲೆಗಳು ಮೊದಲೇ ಮುಚ್ಚಿ ನಿಂತಿರುತ್ತವೆ, ಅವಸರವೇ ಇಲ್ಲ.

ಇವೆಲ್ಲ ಒಂದೇ ಕ್ಯಾಮೆರಾಕ್ಕೆ ಕೂರುವುದಕ್ಕೆ ಕಾರಣ ಲೆನ್ಸು ಕೂರುವ ಮೌಂಟಿನಿಂದ ಚಿತ್ರ ಹಿಡಿಯುವ ಸೆನ್ಸರಿಗಿರುವ ದೂರ. ಎಂ42ಗೂ ಪೆಂಟಾಕ್ಸ್ ಕೆ ಮೌಂಟಿಗೂ ಅದು 45.46 ಮಿ.ಮೀ., ನಿಕಾನ್‌ಗೆ 46.5. ನಡುವಿನ ಒಂದೇ ಮಿಲಿಮೀಟರ್ ನನ್ನ ಗೆಳೆಯನೊಬ್ಬನನ್ನು ಸೋಲಿಸಿತ್ತು. ಕನ್ನಡಿ ಇರುವ ನಿಕಾನ್ ಡಿಎಸ್‌ಎಲ್‌ಆರ್‌ಗೆ ಟಕುಮಾರ್ ಹಾಕಿದ, ದೂರದ್ದು ಯಾವುದೂ ಫೋಕಸ್ ಆಗಲಿಲ್ಲ. ಸೋನಿಯಲ್ಲಿ ಆ ದೂರ 18 ಮಿ.ಮೀ. ಮಾತ್ರ. ಉಳಿದ ಜಾಗದಲ್ಲಿ ಒಂದು ಪೊಳ್ಳು ಕೊಳವೆ ಕೂರಿಸಿದರೆ ಮುಗಿಯಿತು.

ಬುರುಜಿನ ತುದಿಯಲ್ಲಿ ಉದ್ದನೆಯ ಕಬ್ಬಿಣದ ತೋಪುಗಳು ಇಬ್ಬನಿಯಲ್ಲಿ ತಣ್ಣಗೆ ಮಲಗಿದ್ದವು. ಪೂರ್ವಕ್ಕೆ, ಕಣ್ಣಳತೆಯಲ್ಲಿ ಎರಡು ಕಿಲೋಮೀಟರಿನ ಆಚೆ, ಊರಿನ ಮಾಳಿಗೆಗಳನ್ನೂ ಬೇವಿನ ಮರಗಳನ್ನೂ ದಾಟಿ ಗೋಲಗುಮ್ಮಟ. ನನ್ನ ಕ್ಯಾಮೆರಾದ ಸೆನ್ಸರ್ ಸಣ್ಣದು, ಅದರಲ್ಲಿ 200 ಎಂಎಂ ಲೆನ್ಸು 300ರಷ್ಟು ಹತ್ತಿರ ಕಾಣಿಸುತ್ತದೆ. ಆದರೂ ಗುಮ್ಮಟ ಚೌಕಟ್ಟಿನ ಎತ್ತರದಲ್ಲಿ ಕಾಲುಭಾಗಕ್ಕಿಂತ ತುಸು ಹೆಚ್ಚು ಬಂತು, ಅಷ್ಟೇ. ರಾತ್ರಿ ಲೆಕ್ಕ ಹಾಕಿದ್ದೆ: ಅಷ್ಟು ದೂರಕ್ಕೆ ಒಂದು ಪಿಕ್ಸೆಲ್ ಅಂದರೆ ಸುಮಾರು 5 ಸೆಂಟಿಮೀಟರ್ ಕಲ್ಲು. ಗುಮ್ಮಟದ ಬುಡದ ಮಾಳಿಗೆಯಲ್ಲಿ ನಿಂತ ಮನುಷ್ಯ ಮೂವತ್ತು ಚಿಲ್ಲರೆ ಪಿಕ್ಸೆಲ್ ಉದ್ದ. ಮೂಲೆಯ ಏಳಂತಸ್ತಿನ ಗೋಪುರಗಳ ಕಮಾನುಗಳೇ ನನ್ನ ಪರೀಕ್ಷೆಯ ಪಟ್ಟಿ. 1656ರಲ್ಲಿ ಮುಗಿದ ಕಟ್ಟಡ, ಅಂತಸ್ತಿಗೆ ಅಂತಸ್ತು ಅಷ್ಟು ಅಚ್ಚುಕಟ್ಟು. ಪೇಟೆಯಲ್ಲಿ ಸಿಗುವ ಯಾವ ಟೆಸ್ಟ್ ಚಾರ್ಟಿಗೂ ನಾನು ಅದನ್ನು ಬಿಟ್ಟುಕೊಡುವುದಿಲ್ಲ.

ಮೊದಲು ಟಕುಮಾರ್ ಹಾಕಿದೆ. ಅದರ ಪಕ್ಕದ ಸಣ್ಣ ಗುಂಡಿಯನ್ನು ಆಟೋದಿಂದ ಮ್ಯಾನುವಲ್‌ಗೆ ಸರಿಸದಿದ್ದರೆ ಅಪರ್ಚರ್ ಮುಚ್ಚುವುದೇ ಇಲ್ಲ. ಅದು ಗೊತ್ತಿತ್ತು, ಸರಿಸಿದೆ. ಫೋಕಸ್ ರಿಂಗನ್ನು ಅತಿ ದೂರದ್ದಕ್ಕೆಂದು ಹಾಕಿದ ಇನ್ಫಿನಿಟಿ ಗುರುತಿಗೆ ಟಕ್ಕೆಂದು ತಾಗಿಸಿ, ಕಿಂಡಿ ಕಿರಿದು ಮಾಡುತ್ತ ಎಫ್/4, 5.6, 8 ಎಂದು ಒಂದರ ಹಿಂದೊಂದು ಹೊಡೆದೆ. ಹನ್ನೆರಡು ಫೋಟೋ. ಪರದೆಯ ಮೇಲೆ ಹಿಗ್ಗಿಸಿ ನೋಡಿದರೆ ಗೋಪುರದ ಕಮಾನುಗಳು ನೀರಲ್ಲಿ ನೆನೆದ ಸಕ್ಕರೆಯಂತೆ ಕರಗಿಹೋಗಿದ್ದವು. ಇಷ್ಟೇನಾ ಈ ಲೆನ್ಸು ಅನಿಸಿತು. ಬಿಚ್ಚಲು ಕೈ ಹಾಕಿದಾಗ ಕಾಕಾ ತಡೆದರು.

“ಕಡೀತನಾ ಯಾಕ ತಿರುವಿದಿ ತಮ್ಮಾ?”

“ಗುಮ್ಮಟ ಅಷ್ಟ್ ದೂರ ಐತಲ್ರೀ ಕಾಕಾ. ಇನ್ಫಿನಿಟಿ ಅಂತ ಬರದಾರ ಇಲ್ಲಿ.”

“ಅದು ಕಂಪನಿಯವ್ರು ಬರದದ್ದು. ನಿನ್ನ ಕಣ್ಣಿಗೆ ಏನ್ ಕಾಣತೈತಿ?”

ಕ್ಯಾಮೆರಾ ಇಸಿದುಕೊಂಡು ರಿಂಗನ್ನು ಕೊನೆಯವರೆಗೆ ಒಯ್ದರು, ಹಿಂದಕ್ಕೆ ತಂದರು, ಮಸುಕಾಗುವವರೆಗೆ ದಾಟಿಸಿದರು, ಮತ್ತೆ ನಡುವೆ ಬಂದು ನಿಂತರು. ಪರದೆಯ ಮೇಲೆ ಕಮಾನುಗಳ ಅಂಚಿಗೆ ಫೋಕಸ್ ಕೂತದ್ದನ್ನು ತೋರಿಸುವ ಪೀಕಿಂಗಿನ ಕೆಂಪು ಗೆರೆಗಳು ಸರಸರ ಹತ್ತಿಕೊಂಡವು. ಇನ್ಫಿನಿಟಿ ಗುರುತು ಒಂದು ಕಡ್ಡಿಯಷ್ಟು ಪಕ್ಕಕ್ಕೆ ಸರಿದಿತ್ತು. ಅಗ್ಗದ ಅಡಾಪ್ಟರುಗಳನ್ನು ತುಸು ಗಿಡ್ಡ ಮಾಡಿರುತ್ತಾರೆ, ಇನ್ಫಿನಿಟಿ ಮುಟ್ಟದೆ ಹೋಗಬಾರದೆಂದು. ಅದರಿಂದ ಲೆನ್ಸು ಇನ್ಫಿನಿಟಿಯನ್ನು ದಾಟಿ ಆಚೆ ಹೋಗಿಬಿಡುತ್ತದೆ. ನಾನು ಅಡಾಪ್ಟರಿನ ತಪ್ಪನ್ನು ಟಕುಮಾರಿನ ತಲೆಗೆ ಕಟ್ಟಲು ಹೊರಟಿದ್ದೆ. ಕಾಕಾ ಡಿಜಿಟಲ್ ಕ್ಯಾಮೆರಾ ಹಿಡಿದದ್ದು ಅದೇ ಮೊದಲೋ ಎರಡನೆಯದೋ ಸಲ. ಆ ಬೆರಳುಗಳು ರಿಂಗಿನ ಮೇಲೆ ಹೋಗಿಬಂದ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಅಷ್ಟರಲ್ಲಿ ಗುಮ್ಮಟದ ಬಲಕ್ಕೆ ಸೂರ್ಯ ಎದ್ದ. ಚೌಕಟ್ಟಿನೊಳಗೆ ಇರದಿದ್ದರೂ ಬಿಸಿಲು ನೇರ ಲೆನ್ಸಿನ ಮುಂಗಾಜಿಗೆ ಬಡಿಯುತ್ತಿತ್ತು. ನಿಜವಾದ ವ್ಯತ್ಯಾಸ ಹೊರಬಿದ್ದದ್ದು ಆಗ. ಪೆಂಟಾಕ್ಸಿನಲ್ಲಿ ಗೋಪುರಗಳು ಕಪ್ಪಾಗಿ, ಗಟ್ಟಿಯಾಗಿ ನಿಂತವು. 1971ರಿಂದ ಆ ಕಂಪನಿ ಗಾಜಿಗೆ ಹಾಕತೊಡಗಿದ, ಬೆಳಕಿನ ಪ್ರತಿಫಲನ ತಡೆಯುವ ಬಹುಪದರದ ಲೇಪನ ಎಂಥದೆಂದು ನನಗೆ ಅರ್ಥವಾದದ್ದು ಆ ಕಪ್ಪನ್ನು ನೋಡಿ. ನಿಕ್ಕೋರ್ ಅದಕ್ಕಿಂತ ಒಂದು ಕೂದಲು ಹಿಂದೆ. ಎರಡಕ್ಕೂ ಮೂತಿಯಿಂದ ಮುಂದಕ್ಕೆಳೆಯುವ, ಬಿಸಿಲು ತಡೆಯುವ ಹುಡ್ ಇದೆ. ಟಕುಮಾರಿಗೆ ಹುಡ್ ಬೇರೆಯೇ ಸಿಕ್ಕಿಸಬೇಕು, ಅದು ಎಂದೋ ಕಳೆದುಹೋಗಿದೆ. ಇಡೀ ಫೋಟೋದ ಮೇಲೆ ಹಾಲು ಚೆಲ್ಲಿದಂತಾಯಿತು. ಕಾಕಾ ತಲೆಯ ಮೇಲಿನ ಗಾಂಧಿ ಟೋಪಿ ತೆಗೆದು ಲೆನ್ಸಿನ ಬಲಕ್ಕೆ ನೆರಳು ಹಿಡಿದರು. ಹಾಲು ಅರ್ಧ ಇಳಿಯಿತು. ಪೂರ್ತಿ ಇಳಿಯಲಿಲ್ಲ.

ಉಳಿದರ್ಧದ ಕಾರಣ ಲೆನ್ಸಿನ ಒಳಗೇ ಇತ್ತು. ಹಿಂದಿನ ಮುಚ್ಚಳ ತೆಗೆದು ಬಿಸಿಲಿಗೆ ಹಿಡಿದರೆ ಗಾಜಿನ ಅಂಚಿನಲ್ಲಿ ಜೇಡನ ಬಲೆಗಿಂತ ಸಣ್ಣ ಎಳೆಗಳು ಕವಲೊಡೆದು ಹಬ್ಬಿದ್ದವು. ಫಂಗಸ್. ಬೆಳಗಾವಿಯ ಮಳೆ ನೆನಪಾಯಿತು: ಜೂನ್‌ನಿಂದ ಹಿಡಿದ ಜಿಟಿಜಿಟಿ, ಒಣಗದ ಬಟ್ಟೆ, ಚಪ್ಪಲಿಯ ಮೇಲೆ ಬೆಳೆಯುವ ಬೂಷ್ಟು. ಮಾಮಾ ಅದನ್ನು ಜೀವದಂತೆ ಕಾದಿದ್ದರು, ತೊಗಲಿನ ಚೀಲದಲ್ಲಿ ಹಾಕಿ, ಕಪಾಟಿನ ಒಳಖಾನೆಯಲ್ಲಿ ಇಟ್ಟು. ತೊಗಲು ತೇವ ಹಿಡಿದಿಡುತ್ತದೆ, ಕತ್ತಲಲ್ಲಿ ಫಂಗಸ್ ಬೆಳೆಯುತ್ತದೆ. ಕಾಕಾನ ಪೆಂಟಾಕ್ಸ್ ವಿಜಯಪುರದ ಸ್ಟುಡಿಯೋದ ಗೋಡೆಯ ಮೊಳೆಗೆ ವರ್ಷಗಟ್ಟಲೆ ಬರಿಮೈಯಲ್ಲಿ ಜೋತುಬಿದ್ದಿತ್ತು. ರಿಂಗಿನ ಸಂದಿಯಲ್ಲಿ ಧೂಳು, ಒಳಗಿನ ಗ್ರೀಸ್ ಒಣಗಿ ತಿರುವಲು ಬಿಗಿ, ಆದರೆ ಗಾಜು ತಿಳಿನೀರು. ನಮ್ಮ ಊರಿನ ಒಣಹವೆಯನ್ನು ನಾನು ಅಷ್ಟು ಹೊಗಳಿದ್ದು ಅದೇ ಮೊದಲು.

ಹತ್ತೂವರೆಗೆ ಮತ್ತೊಂದು ಸುತ್ತು ಹೊಡೆದೆ. ಅದರಲ್ಲಿ ಹೇಳುವಂಥದ್ದೇನೂ ಉಳಿಯಲಿಲ್ಲ. ತಗಡಿನ ಶೆಡ್ಡು, ಕಾಂಕ್ರೀಟ್ ಮಾಳಿಗೆಗಳೆಲ್ಲ ಕಾದು ಗಾಳಿ ಕುದಿಯತೊಡಗಿತ್ತು. ಬೆಳಿಗ್ಗೆ ಗುಮ್ಮಟದ ಮಾಳಿಗೆಯಲ್ಲಿ ನಿಂತ ಯಾರದೋ ಕೆಂಪು ಸೀರೆ ಒಂದೇ ಚುಕ್ಕೆಯಾಗಿ ಬಂದಿತ್ತು. ಈಗ ಅಂಥದೇ ಇನ್ನೊಂದು ಚುಕ್ಕೆ ಮೂರು ಚೂರಾಗಿ ಒಡೆದು ತೇಲುತ್ತಿತ್ತು, ಅತ್ಯುತ್ತಮ ಲೆನ್ಸಿನಲ್ಲೂ. ದೂರದ್ದನ್ನು ಹೊಡೆದು ಟೆಲಿಫೋಟೋ ಲೆನ್ಸು ಚಲೋ, ಕೆಟ್ಟದ್ದು ಎಂದು ತೀರ್ಪು ಕೊಡುವವರು ಎಷ್ಟು ಗಂಟೆಗೆ ಹೊಡೆದರೆಂದು ಮೊದಲು ಹೇಳಬೇಕು ಎನ್ನುವುದು ಅಂದಿನಿಂದ ನನ್ನ ಹಟ.

ಸಂಜೆ ಐದಕ್ಕೆ ಮತ್ತೆ ಹತ್ತಿದೆವು. ಈಗ ಸೂರ್ಯ ಬೆನ್ನಿಗೆ, ಗುಮ್ಮಟದ ಮೈಗೆ ಅರಿಶಿನ. ಬೆಳಿಗ್ಗೆ ಸೋತ ಟಕುಮಾರ್ ಈ ಬೆಳಕಿನಲ್ಲಿ ಮಿಕ್ಕೆರಡಕ್ಕೆ ಹೆಗಲು ಕೊಟ್ಟು ನಿಂತಿತು. ಬೆಳಕಿಗೆ ಎದುರಾದಾಗ ಅಷ್ಟು ಕಾಡಿದ ಫಂಗಸ್ ಬೆಳಕು ಬೆನ್ನಿಗಿದ್ದಾಗ ಇದೆಯೋ ಇಲ್ಲವೋ ತಿಳಿಯಲಿಲ್ಲ. ಎಫ್/4ರಲ್ಲಿ ಮೂರಕ್ಕೂ ಗುಮ್ಮಟದ ಅಂಚಿಗೆ ನೇರಳೆ ಗೆರೆ, ಪೆಂಟಾಕ್ಸಿಗೆ ತುಸು ಹೆಚ್ಚು. ಎಫ್/8ಕ್ಕೆ ಹೋದರೆ ಫೈಲಿನ ಹೆಸರು ನೋಡದೆ ಯಾವುದು ಯಾವುದೆಂದು ನನಗೆ ಹೇಳಲಾಗಲಿಲ್ಲ. ರಾತ್ರಿ ಕಂಪ್ಯೂಟರಿನಲ್ಲಿ ಕಾಕಾನಿಗೂ ತೋರಿಸಿದೆ, ಅವರಿಗೂ ಆಗಲಿಲ್ಲ. ಕೊನೆಗೆ ಮೂರು ಮೀಟರ್ ದೂರದಿಂದ ತೋಪಿಗೆ ಒರಗಿ ಕೂತ ಅವರದೇ ಮುಖ ತೆಗೆದಿದ್ದೆ, ಟಕುಮಾರಿನಲ್ಲಿ, ಪೂರ್ತಿ ತೆರೆದು. ಕೆನ್ನೆಯ ಬಿಳಿ ಕೂದಲು ಒಂದೊಂದೂ ಎಣಿಸುವಂತೆ, ಹಿಂದಿನ ಊರೆಲ್ಲ ಮೆತ್ತಗೆ ಕರಗಿ. ಅದನ್ನು ನೋಡಿ ಕಾಕಾ ಬಹಳ ಹೊತ್ತು ಸುಮ್ಮನಿದ್ದರು. ಇಷ್ಟು ವರ್ಷ ಊರವರ ಮುಖ ತೆಗೆದವರ ಮುಖವನ್ನು ಯಾರೂ ಹೀಗೆ ತೆಗೆದಿರಲಿಲ್ಲವಂತೆ.

ಮರುದಿನ ಬೆಳಗಾವಿಗೆ ಫೋನ್ ಮಾಡಿದೆ. “ಮಾಮಾ, ಲೆನ್ಸು ಈಗ ವಾಪಸ್ ಕಳಸೂದಿಲ್ಲರಿ. ಫಂಗಸ್ ತೆಗಿಸಿ ಇಲ್ಲೇ ಇಟಗೋತೀನಿ. ನಿಮ್ಮ ಮಳ್ಯಾಗ ಅದು ಉಳ್ಯಾಂಗಿಲ್ಲ.”

ಆಚೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ.

“ಇಟಗೋಪಾ,” ಅಂದರು. “ಆದ್ರ ತೊಗಲಿನ ಚೀಲಾ ಅಷ್ಟ ಕಳಿಸಿಬಿಡು. ಅದು ನಮ್ಮಪ್ಪ ಹೊಲಿಸಿ ಕೊಟ್ಟದ್ದು.”

ಚೀಲವನ್ನು ಎರಡು ದಿನ ಮಾಳಿಗೆಯ ಬಿಸಿಲಿಗೆ ಹಾಕಿ, ಒರೆಸಿ, ಬೆಳಗಾವಿ ಬಸ್ಸಿಗೆ ಹೊರಟಿದ್ದ ನೆಂಟರೊಬ್ಬರ ಕೈಲಿ ಕಳಿಸಿದೆ. ಟಕುಮಾರ್ ಈಗ ಕಾಕಾನ ಪೆಂಟಾಕ್ಸಿನ ಪಕ್ಕದಲ್ಲಿ, ಕಿಟಕಿಯ ಬೆಳಕು ಬೀಳುವ ಗಾಜಿನ ಕಪಾಟಿನಲ್ಲಿದೆ.