ಎಲ್ಲಿಗೆ ಬಿಟ್ಟಿ? – ಸುರಪುರದ ನಮ್ಮ ಪಡಸಾಲೆ ಕಪಾಟಿನ ಒಂಬತ್ತು ತಿಂಗಳು

ಜೂನ್, ಎರಡನೇ ವಾರ

ಕಪಾಟು ಬಂತು. ಅಡತಿ ಅಂಗಡಿಯವರು ಲೆಕ್ಕದ ವಹಿ ಇಡುತ್ತಿದ್ದ ಹಳೇ ಕಬ್ಬಿಣದ ಕಪಾಟು. ನಾಲ್ಕು ಅರೆ, ಒಂದು ಬಾಗಿಲಿಗೆ ಚಿಲಕ ಇಲ್ಲ. ಪಡಸಾಲೆಯಲ್ಲಿ ಟ್ಯೂಷನ್ ಮಕ್ಕಳು ಕೂರುವ ಚಾಪೆಯ ಎದುರಿಗೇ ಇಡಿಸಿದೆ. ಆರು, ಏಳು, ಎಂಟನೇ ಕ್ಲಾಸಿನ ಹನ್ನೊಂದು ಮಕ್ಕಳು ಸಂಜೆ ಐದಕ್ಕೆ ಬರುತ್ತಾರೆ. ಗಣಿತ, ಇಂಗ್ಲಿಷ್ ಮುಗಿದ ಮೇಲೆ ಅರ್ಧ ತಾಸು ಬರೀ ಕತೆ. ಓದಿದ್ದಕ್ಕೆ ಪ್ರಶ್ನೆ ಇಲ್ಲ, ಸಾರಾಂಶ ಬರೆಯುವುದಿಲ್ಲ, ಕತೆಯ ನೀತಿ ಏನು ಅಂತ ಯಾರೂ ಕೇಳುವುದಿಲ್ಲ. ಇಷ್ಟನ್ನು ಮೊದಲೇ ಗಟ್ಟಿ ಮಾಡಿಕೊಂಡೆ.

ಆದರೆ ಪುಸ್ತಕ ಆರಿಸುವಾಗ ಮಾತ್ರ ಇದೆಲ್ಲ ಮರೆತೆ. ಮೊದಲ ಕಂತಿಗೆ ತಂದ ಮೂವತ್ತೆರಡರಲ್ಲಿ ಹತ್ತೊಂಬತ್ತು ಮಹಾಪುರುಷರ ಜೀವನ ಚರಿತ್ರೆ, ಉಳಿದವು ನೀತಿಕತೆ. ಮಕ್ಕಳು ತಕರಾರಿಲ್ಲದೆ ತೆಗೆದುಕೊಂಡರು, ಶಿಸ್ತಾಗಿ ಕೂತರು, ಹಾಳೆ ತಿರುವಿದರು, ಗಡಿಯಾರ ನೋಡಿದರು.

ಜೂನ್, ಕೊನೆಯ ವಾರ

ವಹಿಯೊಂದು ಇಟ್ಟಿದ್ದೆ. ತಾರೀಖು, ಪುಸ್ತಕದ ಹೆಸರು, ಓದಿದವರ ಹೆಸರು, ಮುಗಿಯಿತೋ ಇಲ್ಲವೋ. ಎಲ್ಲರ ಮುಂದೂ ‘ಮುಗಿಯಿತು’ ಎಂದೇ ಬರುತ್ತಿತ್ತು. ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಮೊನ್ನೆ ಎಲ್ಲರೂ ಹೋದ ಮೇಲೆ ನಿಂತಳು. “ಅಕ್ಕಾರ, ನಾ ಪೂರಾ ಓದಿಲ್ರಿ. ಓದೀನಂತ ಬರದೀನ್ರಿ. ಎಲ್ಲಾರೂ ಹಂಗೇ ಬರದಾರ.”

ಅವತ್ತೇ ರಾತ್ರಿ ಕೊನೆಯ ಕಾಲಂ ಹೊಡೆದು ಹಾಕಿ, ಹೊಸದಾಗಿ ‘ಎಲ್ಲಿಗೆ ಬಿಟ್ಟಿ?’ ಎಂದು ಬರೆದೆ. ಪುಟದ ಸಂಖ್ಯೆ ಹಾಕಿದರೆ ಸಾಕು. ಬಿಟ್ಟರೆ ಬೈಗುಳ ಇಲ್ಲ, ಬದಲಿಗೆ ಇನ್ನೊಂದು ಪುಸ್ತಕ ಸಿಗುತ್ತದೆ. ಎರಡು ದಿನ ಅವರು ನಂಬಲಿಲ್ಲ. ಮೂರನೇ ದಿನ ಗಿರಣಿಯವರ ಮಗ, ಎಂಟನೇ ಕ್ಲಾಸು, ದೊಡ್ಡದಾಗಿ ‘4’ ಎಂದು ಬರೆದು ನನ್ನ ಮುಖ ನೋಡಿದ. ನಾನು ಸುಮ್ಮನೆ ಬೇರೆ ಪುಸ್ತಕ ಕೊಟ್ಟೆ. ಆಮೇಲೆ ಎಲ್ಲರೂ ನಿಜ ಬರೆಯತೊಡಗಿದರು.

ಜುಲೈ

ಈ ತಿಂಗಳೆಲ್ಲ ಆ ಕಾಲಂ ಓದುವುದೇ ನನ್ನ ಕೆಲಸವಾಗಿದೆ. 4, 9, 6, 11, 9, 7. ಪುಸ್ತಕ ಬೇರೆ, ಮಕ್ಕಳು ಬೇರೆ, ಆದರೆ ಬಿಡುವ ಪುಟ ಹತ್ತರ ಆಸುಪಾಸೇ. ಅವರು ಬಿಟ್ಟ ಪುಟಗಳನ್ನು ಒಂದೊಂದಾಗಿ ತೆಗೆದು, ಅಲ್ಲೇನಿದೆ ಅಂತ ನಾನೇ ಕೂತು ಓದಿದೆ.

ಕೆಲವು ಪುಸ್ತಕಗಳಲ್ಲಿ ಎಂಟು ಪುಟ ಆದರೂ ಇನ್ನೂ ಬೆಳಗಾಗುತ್ತಲೇ ಇದೆ. ಹಕ್ಕಿ ಕೂಗುತ್ತವೆ, ಹೊಳೆ ಹರಿಯುತ್ತದೆ, ಹುಡುಗನಿಗೆ ಮಾತ್ರ ಇನ್ನೂ ಏನೂ ಆಗಿಲ್ಲ. ಕೆಲವುದರಲ್ಲಿ ಕಥಾನಾಯಕ ಎಷ್ಟು ಒಳ್ಳೆಯವನೆಂದರೆ ಅವನು ತಪ್ಪೇ ಮಾಡುವುದಿಲ್ಲ. ಹನ್ನೆರಡು ವರ್ಷದ ಮಗು ಅವನ ಜೊತೆ ಎಷ್ಟು ಹೊತ್ತು ಕೂತೀತು? ಒಂದರಲ್ಲಂತೂ ಎರಡನೇ ಪುಟಕ್ಕೇ ಏಳು ಹೆಸರು ಬರುತ್ತವೆ. ಓದುತ್ತಿದ್ದ ಹುಡುಗ ಹಿಂದಿನ ಪುಟಕ್ಕೆ ಮೂರು ಸಲ ಹೋಗಿ ಬಂದು ಮುಚ್ಚಿಟ್ಟಿದ್ದನ್ನು ಕಣ್ಣಾರೆ ಕಂಡೆ.

ಭಾಷೆಯೂ ಒಂದು ಕಾರಣ, ಆದರೆ ನಾನು ಅಂದುಕೊಂಡ ರೀತಿಯಲ್ಲಿ ಅಲ್ಲ. ಗೊತ್ತಿಲ್ಲದ ಒಂದು ಪದಕ್ಕೆ ಮಕ್ಕಳು ಹೆದರುವುದಿಲ್ಲ. ‘ಸುಳಿವು’, ‘ಗೂಢಚಾರ’ ಇವನ್ನೆಲ್ಲ ಕತೆಯ ಓಟದಲ್ಲೇ ಹಿಡಿದುಕೊಳ್ಳುತ್ತಾರೆ. ಮೂರು ಸಂಸ್ಕೃತ ಪದ ಬೆಸೆದುಕೊಂಡು ಬಂದಾಗ, ಅದೂ ಏನೂ ನಡೆಯದ ಜಾಗದಲ್ಲಿ, ನಿಂತುಬಿಡುತ್ತಾರೆ. ಬೆರಳಿನ ಲೆಕ್ಕ ಹೇಳಿಕೊಟ್ಟಿದ್ದೇನೆ: ಪುಟವೊಂದನ್ನು ಓದುತ್ತಾ ತಿಳಿಯದ ಪದಕ್ಕೊಂದು ಬೆರಳು ಮಡಚುವುದು. ಐದೂ ಮಡಚಿದರೆ ಆ ಪುಸ್ತಕ ಸದ್ಯಕ್ಕೆ ಒಬ್ಬರೇ ಓದುವುದಲ್ಲ, ನಾನು ಓದಿ ಹೇಳುವುದು. ಅಂಥವನ್ನು ಮೇಲಿನ ಅರೆಗೆ ಹಾಕಿದ್ದೇನೆ. ವಾಪಸ್ ಕಳಿಸಿಲ್ಲ.

ಆಗಸ್ಟ್

ಕಲಬುರಗಿಗೆ ಹೋಗಿ ಬಂದೆ. ಶಹಾಪುರ, ಜೇವರ್ಗಿ ದಾಟಿ, ಭೀಮಾ ನದಿ ದಾಟಿ, ಬಸ್ಸಿನಲ್ಲಿ ಕೂತು ಕೂತು ಸೊಂಟ ಹಿಡಿಯಿತು. ಕೈಯಲ್ಲಿ ಮೂರು ಸಾವಿರ ರೂಪಾಯಿ. ಈ ಸಲ ಒಂದೇ ಪಣ: ಜಾತಿ ಜಾತಿಯ ಕತೆ ತರುವುದು. ಸಾಹಸ, ಪತ್ತೇದಾರಿ, ದೆವ್ವ, ಕಾಡು, ನಗೆ, ಅವರಂಥದೇ ಮಕ್ಕಳ ಮನೆ-ಶಾಲೆಯ ಕತೆ. ಯಾವ ಮಗು ಯಾವ ಬಾಗಿಲಿಂದ ಒಳಗೆ ಬರುತ್ತದೆ ಅಂತ ಮೊದಲೇ ಹೇಳಲಾಗುವುದಿಲ್ಲ. ಅದಕ್ಕೇ ಎಲ್ಲ ಬಾಗಿಲೂ ತೆಗೆದಿಡಬೇಕು.

ತೇಜಸ್ವಿಯವರ ‘ಕರ್ವಾಲೊ’ ಎರಡು ಪ್ರತಿ ತಂದೆ. ಕೆನೆತ್ ಆಂಡರ್ಸನ್ ಬರೆದ ಬೇಟೆಯ ಅನುಭವಗಳನ್ನು ಅವರು ಕನ್ನಡಕ್ಕೆ ತಂದ ‘ಕಾಡಿನ ಕತೆಗಳು’ ನಾಲ್ಕೂ ಭಾಗ ತಂದೆ. ಅವು ಕಾದಂಬರಿಯಲ್ಲ, ನಿಜ. ಆದರೆ ನರಭಕ್ಷಕ ಹುಲಿ ಮುಂದಿನ ಹಾಳೆಯಲ್ಲಿ ಕೂತಿರುವಾಗ ಮಕ್ಕಳಿಗೆ ಆ ಲೆಕ್ಕ ಬೇಕಿಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಪಡೆದವುಗಳಲ್ಲಿ ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’ (2011), ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’ (2022), ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ (2023) ಸಿಕ್ಕವು. ಬಹುಮಾನ ಬಂದಿದ್ದನ್ನೆಲ್ಲ ಮಕ್ಕಳು ಮೆಚ್ಚುತ್ತಾರೆ ಎಂದೇನಿಲ್ಲ. ಆದರೆ ಮಕ್ಕಳಿಗಾಗಿಯೇ ಕಾದಂಬರಿ ಬರೆಯುವವರನ್ನು ಹುಡುಕಲು ಆ ಪಟ್ಟಿ ನನಗೆ ದೊಡ್ಡ ಆಸರೆಯಾಯಿತು.

ಆಗಸ್ಟ್, ಕೊನೆ

‘ಕರ್ವಾಲೊ’ ನಾನೇ ಗಟ್ಟಿಯಾಗಿ ಓದುತ್ತಿದ್ದೇನೆ, ದಿನಕ್ಕೆ ಅರ್ಧ ತಾಸು. 1980ರಲ್ಲಿ ಬಂದ ಈ ಕಾದಂಬರಿ ಮಕ್ಕಳಿಗೆಂದು ಬರೆದದ್ದಲ್ಲ. ಮಂದಣ್ಣನ ಮದುವೆಯ ಗಡಿಬಿಡಿ, ವಿಕಾಸವಾದದ ಮಾತುಗಳು ಆರನೇ ಕ್ಲಾಸಿನವರಿಗೆ ಭಾರ. ಅಂಥಲ್ಲಿ ಸ್ವಲ್ಪ ಬೇಗ ಓದುತ್ತೇನೆ, ಕೇಳಿದರೆ ನಿಲ್ಲಿಸಿ ಹೇಳುತ್ತೇನೆ. ಬಿರಿಯಾನಿ ಕರಿಯಪ್ಪ ಎನ್ನುವ ಹೆಸರು ಬಂದಾಗ ಪಡಸಾಲೆ ಎದ್ದು ಕುಣಿಯಿತು. “ಇನ್ನೊಮ್ಮಿ ಓದ್ರಿ ಅಕ್ಕಾರ, ಆ ಹೆಸರು ಇನ್ನೊಮ್ಮಿ!”

ಕತೆಯಲ್ಲಿ ಎಲ್ಲರೂ ಹುಡುಕಿಕೊಂಡು ಹೋಗುವ ಹಾರುವ ಓತಿ ನಿಜವಾಗಿಯೂ ಇದೆಯೇ ಎಂಬುದೇ ದೊಡ್ಡ ಜಗಳ. ಇದೆ, ಪಶ್ಚಿಮ ಘಟ್ಟದ ಕಾಡಿನ ಮರಗಳಲ್ಲಿ, ಅಡಿಕೆ ತೋಟಗಳಲ್ಲಿ ಇರುತ್ತದೆ, ಪಕ್ಕೆಲುಬುಗಳನ್ನು ಅಗಲಿಸಿ ಅದರ ಮೇಲಿನ ಚರ್ಮವನ್ನು ಕೊಡೆಯಂತೆ ಬಿಚ್ಚಿ ಮರದಿಂದ ಮರಕ್ಕೆ ತೇಲುತ್ತದೆ ಎಂದು ಹೇಳಿದೆ. ಮರುದಿನ ಇಬ್ಬರು ತಡವಾಗಿ ಬಂದರು. ನಮ್ಮ ಬೆಟ್ಟದ ಬಂಡೆಗಳ ಮೇಲಿನ ಓತಿಕ್ಯಾತಗಳ ಪಕ್ಕೆ ನೋಡಲು ಹೋಗಿದ್ದರಂತೆ. “ಇಲ್ರಿ, ನಮ್ಮವಕ್ಕ ಅದು ಇಲ್ಲ.”

ಕೊನೆಗೆ ಓತಿ ಕೈಗೆ ಸಿಗದೆ ತೇಲಿ ಹೋದಾಗ ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ, “ಹಿಡೀಬೇಕಿತ್ತಲ್ರಿ! ಅಷ್ಟ್ ದೂರ ಹೋಗಿ!” ಎಂದ. ಹೂವಿನ ಅಂಗಡಿಯವರ ಮಗಳು, ಆರನೇ ಕ್ಲಾಸು, “ಹಿಡದಿದ್ರ ಬಾಟ್ಲಿನಾಗ ಹಾಕ್ತಿದ್ರು, ಸಾಯ್ತಿತ್ತು” ಎಂದಳು. ಎರಡು ದಿನ ಪಡಸಾಲೆ ಎರಡು ಪಕ್ಷವಾಗಿತ್ತು. ನಾನು ಯಾವ ಪಕ್ಷಕ್ಕೂ ಸೇರಲಿಲ್ಲ. ಒಂದು ಪ್ರಶ್ನೆಯನ್ನೂ ನಾನು ಕೇಳದೆ ನಡೆದ ಚರ್ಚೆ ಇದು. ಹಾಗಾಗಿಯೇ ಇದನ್ನಿಲ್ಲಿ ಇಷ್ಟುದ್ದ ಬರೆದಿಟ್ಟೆ.

ಸೆಪ್ಟೆಂಬರ್

ಮಳೆ. ಮಾಳಿಗೆ ಸೋರಿ ಕೆಳಗಿನ ಅರೆಯ ಆರು ಪುಸ್ತಕ ಒದ್ದೆಯಾದವು. ಹಾಳೆಗಳ ನಡುವೆ ಪೇಪರ್ ಇಟ್ಟು ಫ್ಯಾನಿನ ಕೆಳಗೆ ಒಣಗಿಸಿದೆವು. ನಾಲ್ಕು ಉಳಿದವು. ಕಪಾಟಿನ ಕಾಲಿಗೆ ಇಟ್ಟಿಗೆ ಕೊಟ್ಟಾಯಿತು.

ಒಬ್ಬ ತಾಯಿ ಬಾಗಿಲಲ್ಲೇ ನಿಂತು ಕೇಳಿದರು: “ದೆವ್ವದ ಕತಿ ಯಾಕ ಕೊಡ್ತೀರಿ ಅಕ್ಕಾರ? ರಾತ್ರಿ ಬಚ್ಚಲಕ್ಕ ಒಬ್ಬಾಕೀನ ಹೋಗವಲ್ಲಳು.” ಅವರ ಮಾತು ತಳ್ಳಿಹಾಕುವಂಥದ್ದಲ್ಲ. ಮಗಳನ್ನು ಕರೆದು ಕೇಳಿದೆ. “ಅಂಜಿಕಿ ಆಗ್ತದ್ರಿ. ಆದ್ರ ಭಾಳ ಅಂಜಿಕಿ ಆದ್ರ ಪುಸ್ತಕ ಮುಚ್ಚತೀನ್ರಿ. ಮತ್ತ ತೆಗಿತೀನ್ರಿ.” ಮುಚ್ಚುವುದೂ ತೆಗೆಯುವುದೂ ಅವಳ ಕೈಯಲ್ಲೇ ಇದೆ ಎಂದು ತಾಯಿಗೆ ಹೇಳಿದೆ. ದೆವ್ವದ ಪುಸ್ತಕ ಮನೆಗೆ ಒಯ್ಯುವ ಹಾಗಿಲ್ಲ, ಹಗಲು ಇಲ್ಲೇ ಓದುವುದು ಎಂದು ಇಬ್ಬರೂ ಒಪ್ಪಿಕೊಂಡೆವು. ಆ ಹುಡುಗಿಯ ಹೆಸರಿನ ಮುಂದೆ ಈಗ ಪುಟದ ಸಂಖ್ಯೆಯೇ ಇಲ್ಲ, ಮೂರು ಪುಸ್ತಕ ಸಾಲಾಗಿ ಪೂರಾ.

ಅಕ್ಟೋಬರ್

ಮಾವನವರ ಟ್ರಂಕಿನಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು ಸಿಕ್ಕವು. ನಾಲ್ಕನೇ ತರಗತಿವರೆಗೆ ಓದಿ ನೂರಾರು ಕಾದಂಬರಿ ಬರೆದ ಮನುಷ್ಯ. ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿಗೆ ಓದುವ ಚಟ ಹಿಡಿಸಿದವರು. ಅವು ದೊಡ್ಡವರಿಗಾಗಿ ಬರೆದವು, ಕೊಲೆ-ಗಿಲೆ ಇವೆ. ಹಾಗಾಗಿ ಪೂರಾ ಓದಿ ಎರಡನ್ನಷ್ಟೇ ಎಂಟನೇ ಕ್ಲಾಸಿನವರಿಗೆ ಕೊಟ್ಟೆ. ಹಾಳೆ ಹಳದಿಯಾಗಿ ಅಂಚು ಉದುರುತ್ತಿವೆ, ಆದರೂ ಕೈ ಬದಲಾಗುತ್ತಲೇ ಇವೆ. ಕಾರಣ ಕಣ್ಣಿಗೆ ಕಾಣುತ್ತದೆ: ಅಧ್ಯಾಯ ಚಿಕ್ಕವು, ಪ್ರತಿಯೊಂದೂ ಬಾಗಿಲು ಬಡಿದ ಸದ್ದಿನಲ್ಲೋ, ಕಾಣೆಯಾದ ಕಾಗದದಲ್ಲೋ ನಿಲ್ಲುತ್ತದೆ. ಅರ್ಧ ತಾಸಿನಲ್ಲಿ ಎರಡು ಅಧ್ಯಾಯ ಮುಗಿಯಿತು ಎನ್ನುವ ಹಿಗ್ಗು ಮಕ್ಕಳಿಗೆ ಬಹಳ ದೊಡ್ಡದು. ಈಗ ಯಾವ ಪುಸ್ತಕ ಕೊಳ್ಳುವಾಗಲೂ ಮೊದಲು ಅಧ್ಯಾಯಗಳ ಉದ್ದ ಎಣಿಸುತ್ತೇನೆ, ಆಮೇಲೆ ಎಲ್ಲೋ ನಡುವಿನ ಒಂದು ಪುಟ ತೆಗೆದು ಅಲ್ಲಿ ಎಷ್ಟು ಮಾತುಕತೆ ಇದೆ ನೋಡುತ್ತೇನೆ. ಬೆನ್ನುಡಿ ಕೊನೆಗೆ.

ಅಕ್ಟೋಬರ್, ದಸರಾ ರಜೆ ಮುಗಿದ ಮೇಲೆ

‘ಮುಳುಗಡೆಯ ಊರಿಗೆ ಬಂದವರು’ ಬಗ್ಗೆ ಬರೆಯಬೇಕು. ಶರಾವತಿಯ ನೀರಿನಡಿ ಹೋದ ಊರುಗಳ ಸಂಕಟವನ್ನು ಬದುಕಿಡೀ ಬರೆದ ನಾ. ಡಿಸೋಜರ ಪುಸ್ತಕ ಇದು. ನಮ್ಮ ಬಯಲುಸೀಮೆಯ ಮಕ್ಕಳಿಗೆ ಮಲೆನಾಡು ದೂರವಾದೀತೇ ಎಂದು ಅನುಮಾನವಿತ್ತು. ಆದರೆ ‘ಮುಳುಗಡೆ’ ಎಂಬ ಪದವನ್ನು ಇವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ನಾರಾಯಣಪುರದ ಬಸವಸಾಗರ ಅಣೆಕಟ್ಟು ನಮ್ಮ ಜಿಲ್ಲೆಯಲ್ಲೇ ಇದೆ. ಕೃಷ್ಣೆಯ ನೀರು ಬಂದು ಊರು ಬಿಟ್ಟವರು ನಮ್ಮ ನಡುವೆ ಇದ್ದಾರೆ.

ಜೂನ್‌ನಲ್ಲಿ ನಿಜ ಹೇಳಿದ ಅದೇ ಹುಡುಗಿ ಇದನ್ನು ರಜೆಗೆ ಒಯ್ದಿದ್ದಳು. ಅವಳ ಆಯಿಯ, ಅಂದರೆ ಅಜ್ಜಿಯ, ತವರೂರು ನೀರಿನಡಿ ಹೋಗಿದೆ ಎನ್ನುವುದು ನನಗೆ ಗೊತ್ತೇ ಇರಲಿಲ್ಲ. ಆಯಿಗೆ ಓದು ಬಾರದು, ಇವಳೇ ದಿನಾ ರಾತ್ರಿ ಓದಿ ಹೇಳಿದ್ದಾಳೆ. ವಹಿಯ ಕಾಲಂನಲ್ಲಿ ಬರೆದದ್ದು ಹೀಗಿದೆ: ‘ಬಿಟ್ಟಿಲ್ಲ. ಆಯಿ ಇನ್ನೊಮ್ಮೆ ಓದು ಅಂದಳು. ಎರಡನೇ ಸಲ ನಡೆದಿದೆ.’ ಪುಸ್ತಕ ಇನ್ನೂ ವಾಪಸ್ ಬಂದಿಲ್ಲ. ಕೇಳುವುದೂ ಇಲ್ಲ. ಇನ್ನೊಂದು ಪ್ರತಿ ತರಿಸುತ್ತೇನೆ.

ಡಿಸೆಂಬರ್

ಒಂದು ಅರೆ ಖಾಲಿ ಇಟ್ಟಿದ್ದೇನೆ. ಅದು ಐತಿಹಾಸಿಕ ಕತೆಗಳಿಗೆ. ರಾಜರ ವಂಶಾವಳಿ, ಇಸವಿಗಳ ಪಟ್ಟಿ ಇರುವವು ಬಹಳ ಸಿಗುತ್ತವೆ. ಹನ್ನೆರಡು ವರ್ಷದ ಹುಡುಗ ಕೋಟೆಯೊಳಗೆ ಓಡಾಡುವಂಥ, ನಮ್ಮ ಸೀಮೆಯದೇ ಆದ ಕಾದಂಬರಿ ನನ್ನ ಕೈಗೆ ಒಂದೂ ಬಂದಿಲ್ಲ. ಮಕ್ಕಳು ದಿನಾ ನೋಡುವ ಬೆಟ್ಟದ ಮೇಲೆ ಟೇಲರ್ ಮಂಜಿಲ್ ಇದೆ. ಅಲ್ಲಿದ್ದ ಫಿಲಿಪ್ ಮೆಡೋಸ್ ಟೇಲರ್ ಬರೀ ಬ್ರಿಟಿಷ್ ಅಧಿಕಾರಿಯಲ್ಲ, ಸ್ವತಃ ಕಾದಂಬರಿಕಾರ. ಠಕ್ಕರ ಕುರಿತ ಅವರ ಇಂಗ್ಲಿಷ್ ಕಾದಂಬರಿ 1839ರಲ್ಲಿ ಬಂತು. ಅವರ ಕಣ್ಣೆದುರೇ ಬೆಳೆದ ಸುರಪುರದ ಬಾಲಕ ದೊರೆ ರಾಜಾ ವೆಂಕಟಪ್ಪ ನಾಯಕ ಮುಂದೆ ಬ್ರಿಟಿಷರ ವಿರುದ್ಧ ಎದ್ದು 1858ರಲ್ಲಿ ಗುಂಡೇಟಿಗೆ ತೀರಿಕೊಂಡರು. ಆ ದೊರೆಗೆ ಇಪ್ಪತ್ತನಾಲ್ಕನೇ ವಯಸ್ಸಿಗೆ ಗಂಡಾಂತರವಿದೆ ಎಂದು ಜಾತಕದಲ್ಲಿ ಬರೆದಿತ್ತೆಂಬುದನ್ನು ಟೇಲರ್ ತಮ್ಮ ಆತ್ಮಕತೆಯಲ್ಲಿ ದಾಖಲಿಸಿದ್ದಾರೆ.

ಇಷ್ಟನ್ನು ಒಂದು ಸಂಜೆ ಬಾಯಲ್ಲಿ ಹೇಳಿದೆ. ಆರೂವರೆಯಾದರೂ ಯಾರೂ ಏಳಲಿಲ್ಲ. “ಇದು ಯಾವ ಪುಸ್ತಕದಾಗ ಅದ ಅಕ್ಕಾರ? ಕೊಡ್ರಿ.” ಕೊಡಲು ನನ್ನ ಹತ್ತಿರ ಇರಲಿಲ್ಲ. ಮಕ್ಕಳಿಗೆ ಬರೆಯುವವರು ಯಾರಾದರೂ ಇದನ್ನು ಓದುತ್ತಿದ್ದರೆ ಕೈಮುಗಿದು ಕೇಳುತ್ತೇನೆ: ಸುರಪುರದ ಮೇಲೆ, ಬೌದ್ಧರ ನೆಲೆಯಾಗಿದ್ದ ಸನ್ನತಿಯ ಮೇಲೆ, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಮೇಲೆ ಒಂದೊಂದು ಕತೆ ಬರೆಯಿರಿ. ಮಕ್ಕಳ ಬಾಯಲ್ಲಿ ನಮ್ಮ ಮಾತೇ ಇರಲಿ. ‘ಹೋಗ್ತೀನಿ’, ‘ಬ್ಯಾಡ’, ‘ಅದ’ ಎಂದು ಅಚ್ಚಿನಲ್ಲಿ ಕಂಡಾಗ ಇವರ ಮುಖ ಹೇಗಾಗುತ್ತದೆ ನೋಡಬೇಕು ನನಗೆ.

ಫೆಬ್ರವರಿ, ಮೂರನೇ ವಾರ

ಈಗ ಎಪ್ಪತ್ತೊಂದು ಪುಸ್ತಕ. ಜೂನ್‌ನ ಹತ್ತೊಂಬತ್ತು ಜೀವನ ಚರಿತ್ರೆಗಳಲ್ಲಿ ಹದಿನಾಲ್ಕನ್ನು ಪಕ್ಕದ ಊರಿನ ಗ್ರಂಥಾಲಯಕ್ಕೆ ಕೊಟ್ಟೆ. ಮಕ್ಕಳು ಹದಿನಾರಾಗಿದ್ದಾರೆ, ಅವರಲ್ಲಿ ಮೂವರಿಗೆ ಟ್ಯೂಷನ್ ಇಲ್ಲ, ಕತೆಗಷ್ಟೇ ಬರುತ್ತಾರೆ. ನಗೆಯ ಪುಸ್ತಕಗಳ ಅರೆ ಇನ್ನೂ ಬಡವಾಗಿದೆ. ಬೇಸಿಗೆ ರಜೆಯೊಳಗೆ ಅದಕ್ಕೆ ಹತ್ತಾದರೂ ಸೇರಿಸಬೇಕು. ವೈಜ್ಞಾನಿಕ ಕತೆ ಕೇಳುವವರು ಇಬ್ಬರಿದ್ದಾರೆ, ಅವರಿಗೂ ಹುಡುಕುತ್ತಿದ್ದೇನೆ.

ಗಿರಣಿಯವರ ಮಗನ ಸಾಲು ಮಾತ್ರ ಒಂಬತ್ತು ತಿಂಗಳಿಂದ ನನ್ನನ್ನು ಕಾಡುತ್ತಿತ್ತು. 4, 9, 6, 3, 12, 5. ಪತ್ತೇದಾರಿ ಕೊಟ್ಟೆ, ದೆವ್ವ ಕೊಟ್ಟೆ, ‘ಬಾವಲಿ ಗುಹೆ’ ಕೊಟ್ಟೆ, ಆಟದ ಕತೆ ಕೊಟ್ಟೆ. ಎಲ್ಲವನ್ನೂ ವಿನಯದಿಂದ ತೆಗೆದುಕೊಂಡು ಎರಡೇ ದಿನಕ್ಕೆ ತಂದಿಡುತ್ತಿದ್ದ. ಹೋದ ಸೋಮವಾರ ನಾನೇನೂ ಕೊಡದಿದ್ದರೂ ಕಪಾಟಿನ ಮುಂದೆ ಕೂತು, ‘ಕಾಡಿನ ಕತೆಗಳು’ ಸಾಲಿನಿಂದ ‘ಪೆದ್ದಚೆರುವಿನ ರಾಕ್ಷಸ’ ಎಳೆದುಕೊಂಡ. ಮಂಗಳವಾರ ತರಲಿಲ್ಲ. ಬುಧವಾರ ಟ್ಯೂಷನ್‌ಗೇ ಬರಲಿಲ್ಲ, ಗಿರಣಿಯಲ್ಲಿ ಹಿಟ್ಟು ಬೀಸುವ ಸರದಿ ಅವನದಂತೆ. ಇವತ್ತು ಬಂದ. ಪುಸ್ತಕದ ರಟ್ಟಿನ ಮೇಲೆಲ್ಲ ಜೋಳದ ಹಿಟ್ಟಿನ ಬೆರಳಚ್ಚು. ಒರೆಸಲು ಹೋದವನನ್ನು ಬ್ಯಾಡ ಬಿಡು ಅಂದೆ. ವಹಿ ತೆಗೆದು ತನ್ನ ಹೆಸರಿನ ಮುಂದೆ ‘43’ ಎಂದು ಬರೆದ, ಸ್ವಲ್ಪ ಯೋಚಿಸಿ ಪಕ್ಕದಲ್ಲಿ ‘ನಾಳಿ’ ಎಂದು ಸೇರಿಸಿ, ಪುಸ್ತಕವನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡು ಹೋದ.